ಕೈ ಕಟ್ಟಿ ಕೂರುವ ಪಾಠ

ಆ ಭಾನುವಾರವೂ ಬೀರಣ್ಣ ಅದೇ ಜಾಗದಲ್ಲಿ ಎಡವಿದ. ಎಡವಿದ ಅನ್ನುವುದು ಅವನ ಮಾತು. ನಿಜ ಹೇಳಬೇಕೆಂದರೆ ಎಡವಿದಂತೆ ನಟಿಸಿದ. ನಟನೆಯೇನೂ ಅವನಿಗೆ ಒಗ್ಗಿದ ವಿದ್ಯೆಯಲ್ಲ. ಮೌಸನ್ನು ಸುಮ್ಮನೆ ಅತ್ತಿಂದಿತ್ತ ಓಡಿಸಿದ, ಒಂದು ಫೈಲ್ ತೆರೆದು ಮುಚ್ಚಿದ, ಗಡ್ಡ ಕೆರೆದುಕೊಂಡ.

ಪಕ್ಕದ ಕುರ್ಚಿಯಲ್ಲಿ ಪೂರ್ಣಿಮಾ ಕೈ ಕಟ್ಟಿ, ತುಟಿ ಬಿಗಿದು ಕೂತಿದ್ದಳು. ಅವನು ಗಡ್ಡಕ್ಕೆ ಕೈ ಹಾಕಿದ್ದೇ ತಡ, ಅವಳ ಎಡಹುಬ್ಬು ಮೇಲೇರಿತು. ಹೆಬ್ಬೆರಳು ಬಳೆಯನ್ನು ಒತ್ತಿ ಹಿಡಿಯಿತು. ಮಾತು ಗಂಟಲಿಗೆ ಬಂದು ನಿಂತಿದೆ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಆದರೆ ಅವಳು ಮಾತಾಡುವ ಹಾಗಿರಲಿಲ್ಲ, ಅದು ಆ ಕೋಣೆಯ ಕಟ್ಟಳೆ.

ಬೆಳಗಾವಿಯ ಒಂದಿಷ್ಟು ಜನ ಸೇರಿ, ವೆಬ್‌ಸೈಟಿಗೆ ಪ್ಲಗಿನ್ ಬರೆಯುವವರಿಗಾಗಿ ಪುಕ್ಕಟೆ ಕೋರ್ಸ್ ಮಾಡಲು ಹೊರಟಿದ್ದರು. ಪ್ಲಗಿನ್ ಅಂದರೆ ಇದ್ದ ವೆಬ್‌ಸೈಟಿಗೆ ಹೊಸದೊಂದು ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ, ಅಷ್ಟೇ. ಯಾರಿಗೂ ಸಂಬಳವಿಲ್ಲ, ಯಾರ ಒತ್ತಾಯವೂ ಇಲ್ಲ. ಹೊಸಬರ ಕೋರ್ಸ್ ಆಗಲೇ ಸಿದ್ಧವಾಗಿತ್ತು. ಈಗ ಮಧ್ಯಮ ಹಂತದ್ದು. ಅಷ್ಟಿಷ್ಟು ಬಲ್ಲವರು, ಆದರೆ ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಕಾಣದವರು, ಅವರಿಗಾಗಿ. ಯಾವ ಪಾಠ ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವ ಹೊಣೆಯನ್ನು ಪೂರ್ಣಿಮಾ ಹೊತ್ತಿದ್ದಳು. ವಾರವಿಡೀ ಟಿಳಕವಾಡಿಯ ಕಂಪನಿಯೊಂದರಲ್ಲಿ ದುಡಿದು, ಭಾನುವಾರ ಬಂತೆಂದರೆ ರವಿವಾರ ಪೇಟೆಯಲ್ಲಿ ಅಪ್ಪನ ಬೆಲ್ಲದ ಸಗಟು ವ್ಯಾಪಾರದ ಅಡತಿ ಅಂಗಡಿಯ ಮೇಲಿನ ಕೋಣೆಯಲ್ಲಿ ಈ ಉಸಾಬರಿ.

ಕಟ್ಟಳೆಯೂ ಅವಳೇ ಮಾಡಿದ್ದು. ಪಾಠ ಬರೆದವರು ಅದನ್ನು ಒಬ್ಬ ಕಲಿಯುವವನ ಮುಂದಿಟ್ಟು ಪಕ್ಕದಲ್ಲಿ ಕೈ ಕಟ್ಟಿ ಕೂರಬೇಕು. ಅವನು ಓದಿಕೊಂಡು ತಾನೇ ಮಾಡುತ್ತ ಹೋಗಬೇಕು. ಅವನಾಗಿ 'ಮುಗೀತು' ಅನ್ನುವವರೆಗೆ ಬರೆದವರು ಬಾಯಿ ಬಿಡುವಂತಿಲ್ಲ. ಎಲ್ಲಿ ಎಡವುತ್ತಾನೋ ಅಲ್ಲಿ ಪಾಠ ತಿದ್ದಬೇಕು.

ಬೀರಣ್ಣನನ್ನು ಅಲ್ಲಿಗೆ ಕಳಿಸಿದವಳು ಸಪ್ನಾ. ಅವಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ಅದೇ ಗುಂಪಿನವಳು. ಬೀರಣ್ಣ ಖಾನಾಪುರದಾಚೆಯ ಬೀಡಿ ಎಂಬ ಊರಿನವನು, ಕುರಿ ಸಾಕಿದ ಮನೆತನದವನು. ಖಾನಾಪುರದ ಬಸ್ ಸ್ಟ್ಯಾಂಡ್ ಬಾಜುವಿಗೆ ಒಂದು ಸಣ್ಣ ಮಳಿಗೆ ಹಿಡಿದು ಹೆಂಚಿನ ಭಟ್ಟಿಯವರಿಗೆ, ಕಿರಾಣಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಒಂದೆರಡು ಪ್ಲಗಿನ್ ಕೂಡ ಬರೆದಿದ್ದ. ನಮಗೆ ಬೇಕಾದ ಅರ್ಧಂಬರ್ಧ ಬಲ್ಲವನು ಇವನೇ ಎಂದು ಸಪ್ನಾ ನಗುತ್ತ ಪರಿಚಯಿಸಿದ್ದಳು.

ಮೊದಲ ದಿನ ಅವನು ಎಡವಿದ್ದು ಮಾತ್ರ ನಿಜ. ಪಾಠದಲ್ಲೊಂದು ಅಂಗಡಿಯ ಪ್ಲಗಿನ್ ಇತ್ತು. ಅಂಗಡಿ ಇವತ್ತು ತೆರೆದಿದೆಯೋ ಇಲ್ಲವೋ ಎಂದು ಅದು ವೆಬ್‌ಸೈಟಿನಲ್ಲಿ ತೋರಿಸಬೇಕು. ಅದನ್ನು ಬದಲಿಸಲು ಸೇವ್ ಒತ್ತಿದವರು ಅಂಗಡಿಯ ಯಜಮಾನರೋ, ಬೀದಿಯಲ್ಲಿ ಹೋಗುವ ಯಾರೋ ಎಂದು ಪರೀಕ್ಷಿಸುವುದೇ ಪಾಠ. ಆ ಪರೀಕ್ಷೆಯನ್ನು ಯಾವ ಫೈಲಿನಲ್ಲಿ ಬರೆಯಬೇಕೆಂದು ತಿಳಿಯದೆ ಅವನ ಕಿವಿ ಬಿಸಿಯಾಯಿತು. ಸಾಲೆಯಲ್ಲಿ ಲೆಕ್ಕ ಬಾರದೆ ಕರಿಹಲಗೆಯ ಮುಂದೆ ನಿಂತಂತಾಯಿತು. ಕಡೆಗೆ ತಲೆ ತಗ್ಗಿಸಿ, ಇಲ್ಲಿಗೆ ಮುಗೀತ್ರಿ, ನನಗ ತಿಳೀವಲ್ದು ಅಂದ.

ಪೂರ್ಣಿಮಾಳ ಮುಖ ಅರಳಿಬಿಟ್ಟಿತು.

"ನಾಚ್ಕೋಬ್ಯಾಡ್ರಿ. ಕಲಿಯಾಂವ ಎಡವಿದ್ರ ಅದು ಪಾಠದ ತಪ್ಪು, ನಿಮ್ದಲ್ಲ."

ಅಷ್ಟು ವರ್ಷ ಸಾಲೆ ಕಾಲೇಜು ಕಂಡ ಬೀರಣ್ಣನಿಗೆ ಇಂಥ ಮಾತು ಯಾರೂ ಆಡಿರಲಿಲ್ಲ. ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳೂ ನೋಡಿದಳು. ಹುಡುಗನ ಕಥೆ ಅಲ್ಲಿಗೆ ಮುಗಿಯಿತು ಅನ್ನಿ.

ಮುಂದಿನ ಭಾನುವಾರ ಪಾಠ ತಿದ್ದಿ ಚೊಕ್ಕಟವಾಗಿತ್ತು. ಎಲ್ಲಿ ಏನು ಬರೆಯಬೇಕೆಂದು ಕಣ್ಣಿಗೆ ಕಟ್ಟಿದಂತೆ ಇತ್ತು. ಹತ್ತು ನಿಮಿಷದಲ್ಲಿ ಮುಗಿಸಿಬಿಡಬಹುದು ಎಂದುಕೊಂಡ ಬೀರಣ್ಣನಿಗೆ ಮರುಕ್ಷಣವೇ ಇನ್ನೊಂದು ಹೊಳೆಯಿತು. ಮುಗಿದರೆ ಅವಳು ಥ್ಯಾಂಕ್ಸ್ ಅನ್ನುತ್ತಾಳೆ, ತಾನು ಮೆಟ್ಟಿಲಿಳಿಯುತ್ತೇನೆ, ಮತ್ತೆ ಹತ್ತಲು ಕಾರಣವೇ ಇಲ್ಲ. ಓಡುತ್ತಿದ್ದ ಬೆರಳು ನಿಂತಿತು, ಕೈ ಗಡ್ಡಕ್ಕೆ ಹೋಯಿತು. ಅವಳು ಬೇಸರಿಸಲಿಲ್ಲ. ಬರುವ ವಾರ ಮತ್ತೆ ಬರ್ತೀರೇನು, ತಿದ್ದಿ ಇಟ್ಟಿರ್ತೀನಿ ಅಂದಳು. ಬೀರಣ್ಣನಿಗೆ ಇನ್ನೇನು ಬೇಕಿತ್ತು?

ಅಂದಿನಿಂದ ಅವನಿಗೆ ಇದೇ ಚಾಳಿಯಾಯಿತು. ಕೆಳಗೆ ಅವಳ ಅಪ್ಪ ಗುರುಪುತ್ರಪ್ಪ ಗದ್ದಿಗೆಯ ಮೇಲೆ ಕೂತಿರುತ್ತಿದ್ದರು. ಮೆಟ್ಟಿಲು ಹತ್ತುವ ಯಾರನ್ನೂ ಅವರು ಬೆಲ್ಲ ನೀರು ಕೊಡದೆ ಮೇಲೆ ಬಿಡುವವರಲ್ಲ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡ ಬೀರಣ್ಣನನ್ನು, ಇವತ್ತಾದರೂ ಪಾಸಾಗುತ್ತೀಯೇನಪ್ಪ ಎಂದು ವಾರವಾರವೂ ಕೇಳುತ್ತಿದ್ದರು. ಅವನು ನೀರಿನ ತಂಬಿಗೆ ಎತ್ತಿ ಮುಖ ಮರೆಸಿಕೊಳ್ಳುತ್ತಿದ್ದ.

ಮೇಲೆ ಅವನು ಓದುತ್ತಿದ್ದುದು ಪಾಠವನ್ನಲ್ಲ, ಅವಳನ್ನು. ಬಾಯಿ ಮುಚ್ಚಿ ಕೂತವಳ ಮುಖವೆಲ್ಲ ಮಾತಾಡುತ್ತಿತ್ತು. ಸರಿಯಾದ ಸಾಲಿಗೆ ಅವನು ಬೆರಳಿಟ್ಟರೆ ಅವಳ ಕಾಲಿನ ಹೆಬ್ಬೆರಳು ನೆಲ ತಟ್ಟುತ್ತಿತ್ತು. ತಪ್ಪಿದರೆ ಹುಬ್ಬು ಮೇಲೆ. ಓರೆಗಣ್ಣಲ್ಲಿ ಅವನು ಅದನ್ನೇ ನೋಡುತ್ತಿದ್ದಾನೆ ಎಂದು ಗೊತ್ತಾದಾಗ ಸರಕ್ಕನೆ ಕಿಟಕಿಯ ಕಡೆ ತಿರುಗುತ್ತಿದ್ದಳು. ತಿರುಗಿದ ಕೆನ್ನೆಯಲ್ಲಿ ನಗು ಉಳಿದಿರುತ್ತಿತ್ತು.

"ನೀವು ಗಡ್ಡ ಕೆರಕೊಂಡಾಗೊಮ್ಮಿ ನನಗ ಹೊಸಾ ಪ್ಯಾರಾ ಬರಿಯೂ ಕೆಲಸ ಬೀಳ್ತದ" ಅಂದಳು ಒಮ್ಮೆ. "ಮೊದಲ ಆ ಗಡ್ಡ ತಗಸ್ರಿ."

ಮರುವಾರ ಬೀರಣ್ಣ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದ. ಬೋಳು ಗದ್ದವನ್ನೇ ಕೆರೆದುಕೊಂಡ. ಅವಳು ಕಟ್ಟಳೆ ಮುರಿಯದೆ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆದರೆ ಪಾಠಕ್ಕೆ ಈ ಆಟ ಗೊತ್ತಿರಲಿಲ್ಲ. ಅವನು ಎಡವಿದಲ್ಲೆಲ್ಲ ಅವಳು ಒಂದು ವಿವರಣೆ ಸೇರಿಸುತ್ತ ಹೋದಳು. ಫೈಲ್ ಎಂದರೇನು, ಅದನ್ನು ಎಲ್ಲಿ ಇಡಬೇಕು, ಸೇವ್ ಮಾಡಿದ್ದು ಗೊತ್ತಾಗುವುದು ಹೇಗೆ ಎನ್ನುವುದೆಲ್ಲ ಬಂದು ಸೇರಿತು. ಮಧ್ಯಮ ಹಂತದವರು ಓದಿದರೆ ಆಕಳಿಸುವಂತಾಯಿತು. ಒಂದು ಭಾನುವಾರ ಸಭೆಯಲ್ಲಿ ಸಪ್ನಾ ಅದನ್ನು ನೇರವಾಗಿಯೇ ಹೇಳಿದಳು. ಇದು ಹೊಸಬರ ಪಾಠವಾಗಿಬಿಟ್ಟಿದೆ, ಯೋಜನೆಯಿಂದ ತೆಗೆಯಬೇಕು, ಇದನ್ನು ಆಧರಿಸಿ ಇದರ ಮುಂದೆ ಇಟ್ಟ ಪಾಠಗಳನ್ನೂ ಕೈಬಿಡಬೇಕು ಅಂದಳು. ಮತ್ತೆ ಮತ್ತೆ ಇದೇ ಮನುಷ್ಯನಿಗೆ ಯಾಕೆ ಕೊಡುತ್ತೀ ಎಂದೂ ಕೇಳಿದಳು. ಬೇರೆ ಯಾರಿಗೂ ಪುರುಸೊತ್ತಿಲ್ಲ ಎಂದು ಪೂರ್ಣಿಮಾ ಮೆಲ್ಲಗೆ ಉತ್ತರಿಸಿದಳು. ಬೀರಣ್ಣ ಮೂಲೆಯ ಸ್ಟೂಲಿನಲ್ಲಿ ಮುದುಡಿ ಕೂತಿದ್ದ.

ಎಲ್ಲರೂ ಹೋದ ಮೇಲೆ ಅವಳು ಮೆಟ್ಟಿಲವರೆಗೆ ಬಂದಳು. ಕಣ್ಣು ಕೆಂಪಾಗಿದ್ದವು.

"ನನಗ ಕಲಸಾಕ ಬರೂದಿಲ್ಲ ಅನಸ್ತದ, ಬೀರಣ್ಣಾರ. ಬರೂ ವಾರ ಎಲ್ಲಾ ಸಪ್ನಾಗ ಒಪ್ಪಿಸಿಬಿಡ್ತೀನಿ. ನಿಮಗೂ ಸುಮ್ಮನ ತ್ರಾಸ ಕೊಟ್ಟೆ."

ಬೀರಣ್ಣ ಚಪ್ಪಲಿ ಮೆಟ್ಟಿದ. ಸರಸರನೆ ಇಳಿದು ಹೋದ. ಅಲ್ಲಾ, ಇಂಥ ಹೊತ್ತಲ್ಲೇ ಬಾಯಿಗೆ ಬೀಗ ಬೀಳಬೇಕೇ?

ಬಸ್ಸಿನಲ್ಲಿ ಕೂತವನಿಗೆ ಮಚ್ಛೆ ದಾಟಿದ್ದೂ ತಿಳಿಯಲಿಲ್ಲ. ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಂಡ. ಇದ್ದದ್ದು ಹೇಳಿದರೆ ಅವಳು ಇನ್ನು ಮುಖ ತೋರಿಸಲಿಕ್ಕಿಲ್ಲ. ಎದುರಿಗೆ ಕೂತು ಸುಳ್ಳಾಡಿದವನನ್ನು ಯಾರು ನಂಬುತ್ತಾರೆ? ಅಡತಿ ಯಜಮಾನರ ಮಗಳೆಲ್ಲಿ, ಕುರಿಯವರ ಮಗ ತಾನೆಲ್ಲಿ ಎಂಬ ಅಳುಕು ಮೊದಲೇ ಇತ್ತು, ಈಗ ಅದರ ಮೇಲೆ ಇದೊಂದು. ಹೇಳದೆ ಬಿಟ್ಟರೋ, ಜೀವಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡ ಕೆಲಸವನ್ನು ಅವಳು ತನಗೆ ಬರುವುದಿಲ್ಲವೆಂದೇ ಬಿಟ್ಟುಕೊಡುತ್ತಾಳೆ. ಖಾನಾಪುರದಲ್ಲಿ ಇಳಿಯುವ ಹೊತ್ತಿಗೆ ಅವನು ನಿರ್ಧಾರ ಮಾಡಿದ್ದ. ಅವಳು ಸಿಗದಿದ್ದರೂ ಚಿಂತೆಯಿಲ್ಲ, ಅವಳ ಪಾಠ ಉಳಿಯಬೇಕು.

ಮರುದಿನ ಫೋನ್ ಮಾಡಿದ. ಸಪ್ನಾಗೆ ಒಪ್ಪಿಸುವ ಮೊದಲು ಇನ್ನೊಂದು ಸಲ ಪರೀಕ್ಷೆ ಮಾಡೋಣ, ಈ ಸಲ ನನ್ನ ಮಳಿಗೆಯಲ್ಲಿ, ಮೊದಲ ಸಲ ತಿದ್ದಿದ್ದಿರಲ್ಲ ಆ ಪಾಠವನ್ನೇ ತನ್ನಿ ಎಂದು ಬೇಡಿಕೊಂಡ. ಅವಳು ಹೂಂ ಅಂದಳು.

ಶನಿವಾರ ಬೆಳಗಿನ ಬಸ್ಸಿಗೆ ಬಂದಿಳಿದಳು. ಬೀರಣ್ಣ ಟೇಬಲ್ಲು ಒರೆಸಿ, ಇದ್ದೊಂದು ಒಳ್ಳೆಯ ಕುರ್ಚಿಯನ್ನು ಅವಳಿಗಿಟ್ಟು ತಾನು ಸ್ಟೂಲಿನ ಮೇಲೆ ಕೂತ. ಬಾಜುವಿನ ಚಹಾದವನು ಮರಾಠಿಯಲ್ಲಿ ಏನೋ ಚೇಷ್ಟೆ ಮಾಡಿ ಎರಡು ಕಪ್ಪು ಇಟ್ಟು ಹೋದ. ಅವಳು ಕೈ ಕಟ್ಟಿದಳು, ತುಟಿ ಬಿಗಿದಳು.

ಬೀರಣ್ಣ ಶುರು ಮಾಡಿದ. ಈ ಸಲ ಕೈ ಗದ್ದದ ಕಡೆ ಹೋಗಲೇ ಇಲ್ಲ. ಓದಿದ, ಬರೆದ, ಸೇವ್ ಮಾಡಿದ, ಬೇರೆಯವರ ಹೆಸರಲ್ಲಿ ಒಳಗೆ ಬಂದು ಬದಲಿಸಲು ನೋಡಿದ. ಪ್ಲಗಿನ್ ಬಿಡಲಿಲ್ಲ. ಯಜಮಾನರ ಹೆಸರಲ್ಲಿ ಬಂದು ಒತ್ತಿದ. 'ಅಂಗಡಿ ಇವತ್ತು ತೆರೆದಿದೆ' ಎಂದು ಪರದೆಯ ಮೇಲೆ ಮೂಡಿತು. ಚಹಾ ಇನ್ನೂ ಆರಿರಲಿಲ್ಲ. ಪೂರ್ಣಿಮಾಳ ಹುಬ್ಬು ಮೇಲೇರಿ ಅಲ್ಲೇ ನಿಂತಿತು.

ಬೀರಣ್ಣ ಸ್ಟೂಲನ್ನು ಅವಳ ಕಡೆ ತಿರುಗಿಸಿದ.

"ಇನ್ನೂ ಮುಗದಿಲ್ರಿ. ನಾ ಮುಗೀತು ಅನ್ನೂತನಕ ನೀವು ಮಾತಾಡೂ ಹಂಗಿಲ್ಲ. ಅದಕ್ಕ ಈಗ ಹೇಳಿಬಿಡ್ತೀನಿ. ಮೊದಲನೇ ದಿನ ಎಡವಿದ್ದು ಖರೇ. ಆಮ್ಯಾಲಿಂದೆಲ್ಲಾ ಸುಳ್ಳು. ಪಾಠ ತಿಳೀತು ಅಂದ್ರ ನನಗ ನಿಮ್ಮ ಮೆಟ್ಟಲ ಹತ್ತಾಕ ಕಾರಣ ಉಳೀತಿರಲಿಲ್ಲ. ನೀವು ಬಾಜೂಕ ಕೈ ಕಟಗೊಂಡು ಕುಂತು ನನ್ನ ಮಾರಿ ನೋಡ್ತಿದ್ರಲ್ಲಾ, ಅದಕ್ಕಂತ ವಾರೆಲ್ಲಾ ಕಾಯ್ತಿದ್ದೆ. ನಿಮ್ಮ ಪಾಠ ಭಾಳ ಚಲೋ ಐತ್ರಿ. ಅದನ್ನ ಕೆಡಸಿದಾಂವ ನಾನು. ನಿಮ್ಮ ಮ್ಯಾಲ ನನ್ನ ಜೀವ ಐತಿ, ಅದೊಂದು ಮಾತ್ರ ಸುಳ್ಳಲ್ಲ."

ಪೂರ್ಣಿಮಾ ಅಲುಗಾಡಲಿಲ್ಲ. ಕಟ್ಟಿದ ಕೈ ಹಾಗೇ ಇತ್ತು. ಹೆಬ್ಬೆರಳು ಬಳೆಯನ್ನು ಒತ್ತಿ ಒತ್ತಿ ಬೆಳ್ಳಗಾಗಿತ್ತು. ಕಣ್ಣು ತುಂಬಿ ಬಂದವು, ಮುಖ ಕೆಂಪೇರಿತು. ಆದರೂ ಒಂದು ಮಾತಿಲ್ಲ. ಕೋಪ ನೆತ್ತಿಗೇರಿದೆ ಎಂದುಕೊಂಡ ಬೀರಣ್ಣ ನೆಲ ನೋಡುತ್ತ ಕೂತ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಬೀಡಿ, ಬೀಡಿ ಎಂದು ಕೂಗುತ್ತಿದ್ದ. ಎದ್ದು ಊರಿಗೆ ಹೋಗಿಬಿಡಲೇ ಅನ್ನಿಸಿತು. ತಲೆ ಎತ್ತಿದರೆ ಅವಳು ಗದ್ದದಿಂದ ಪರದೆಯ ಕಡೆ ಸನ್ನೆ ಮಾಡುತ್ತಿದ್ದಾಳೆ. ಆಮೇಲೆ ಹೊಳೆಯಿತು ಬೆಪ್ಪನಿಗೆ.

"ಮುಗೀತ್ರಿ" ಅಂದ.

"ಇಷ್ಟೊತ್ತು ಬೇಕೇನ್ರಿ ಅದೊಂದು ಮಾತಿಗೆ? ಉಸಿರ ಕಟ್ಟಿಹೋಗಿತ್ತು ನನಗ" ಅಂದಳು ಪೂರ್ಣಿಮಾ. ಹಾಗೆಂದು ಸುಮ್ಮನಾಗಲಿಲ್ಲ. ಚೆನ್ನಾಗಿ ಝಾಡಿಸಿದಳು. ದಡ್ಡರಿಗೆ ಹೇಳಿದಂತೆ ಬರೆದು ಬರೆದು ತಾನೇ ದಡ್ಡಿ ಅನ್ನಿಸಿಕೊಂಡದ್ದು, ಸಪ್ನಾಳ ಮುಂದೆ ತಲೆ ತಗ್ಗಿಸಿದ್ದು, ಕೆಲಸವೇ ಬೇಡವೆಂದು ಅತ್ತದ್ದು, ಒಂದನ್ನೂ ಬಿಡಲಿಲ್ಲ. ಬೀರಣ್ಣ ಎಲ್ಲಕ್ಕೂ ತಲೆಯಾಡಿಸಿದ. ಸಪ್ನಾ ಮೇಡಂ ಎದುರು ತಾನೇ ನಿಂತು ತಪ್ಪು ಒಪ್ಪಿಕೊಳ್ಳುತ್ತೇನೆ, ಆಮೇಲೆ ಈ ಮುಖವನ್ನು ನೀವು ನೋಡಬೇಕಾಗಿಲ್ಲ ಅಂದ.

"ನೀವೊಬ್ಬರು ಒಪ್ಪಿಕೊಂಡ್ರ ಸಾಲೂದಿಲ್ಲ" ಅಂದಳು. ದನಿ ಇಳಿದಿತ್ತು. "ನಮ್ಮ ಕಟ್ಟಳಿಯೊಳಗ ಇನ್ನೊಂದು ಮಾತದ. ಒಂದು ಪಾಠ ಒಮ್ಮಿ ನೋಡಿದವರ ಕಡೆ ಅದನ್ನ ಮತ್ತ ಪರೀಕ್ಷಾ ಮಾಡಸಬಾರದು. ಹಾದಿ ಗೊತ್ತಾಗಿರ್ತದ, ಅವರು ಹೊಸಬರಾಗಿ ಉಳಿಯೂದಿಲ್ಲ. ನಿಮ್ಮನ್ನ ಎರಡನೇ ಸಲ ಕರಿಯೂ ಹಂಗ ಇರಲಿಲ್ಲ."

ಬೀರಣ್ಣ ಕಣ್ಣು ಬಾಯಿ ಬಿಟ್ಟ. ಆ ಕಟ್ಟಳೆ ಯಾರು ಮಾಡಿದ್ದು ಎಂದು ಕೇಳಿದ. ನಾನೇ ಅಂದಳು. ಹಾಗಾದರೆ ವಾರವಾರವೂ ಯಾಕೆ ಕರೆದಿರಿ ಎಂದು ಕೇಳಿದ ಆ ಬುದ್ಧಿವಂತ.

ಪೂರ್ಣಿಮಾ ಮತ್ತೆ ಕೈ ಕಟ್ಟಿ, ತುಟಿ ಬಿಗಿದು, ಅವನನ್ನೇ ನೋಡುತ್ತ ಕೂತಳು. ತಾನಾಗಿಯೇ ತಿಳಿದುಕೊಳ್ಳಲಿ ಎಂದು ಕೂತಳು. ಅವನಿಗೆ ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ತಿಳಿದಾಗ ಅವನ ಮುಖದಲ್ಲಿ ಮೂಡಿದ್ದನ್ನು ಕಂಡು ಅವಳ ಕಾಲಿನ ಹೆಬ್ಬೆರಳು ಮೆಲ್ಲಗೆ ನೆಲ ತಟ್ಟಿತು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ನಡೆದು ಬಂದರು. ನಾಳೆ ಸಪ್ನಾಗೆ ಇಬ್ಬರೂ ಸೇರಿ ಹೇಳುವುದು, ಮೊದಲ ಸಲ ತಿದ್ದಿದ ಪಾಠವನ್ನು ಬೇರೊಬ್ಬರಿಂದ ಪರೀಕ್ಷೆ ಮಾಡಿಸುವುದು, ಅದು ಗೆದ್ದರೆ ಯೋಜನೆಯಲ್ಲಿ ಎಲ್ಲ ಪಾಠ ಮೊದಲಿದ್ದಂತೆಯೇ ಇಡುವುದು ಎಂದು ಗೊತ್ತಾಯಿತು. ಗೆದ್ದೇ ಗೆಲ್ಲುತ್ತದೆ ಎಂದು ಬೀರಣ್ಣ ಆಣೆ ಮಾಡಿದ. ಆದರೆ ನಾಳೆ ಅಂದಕೂಡಲೇ ಅವನ ಮುಖ ಸಪ್ಪಗಾಯಿತು. ಪಾಠವಿಲ್ಲ, ಪರೀಕ್ಷೆಯಿಲ್ಲ. ಕೆಳಗೆ ಗದ್ದಿಗೆಯ ಮೇಲೆ ಗುರುಪುತ್ರಪ್ಪನವರು ಬೆಲ್ಲ ನೀರು ಹಿಡಿದು ಕೂತಿರುತ್ತಾರೆ. ಇವತ್ತ ಯಾಕ ಬಂದೀಪಾ ಅಂದರೆ ಏನು ಹೇಳುವುದು?

"ಅಪ್ಪಗೂ ಖರೇನ ಹೇಳೂಣು" ಅಂದಳು ಅವಳು.

"ಅಲ್ಲಿ ನಾ ಖರೇನ ಎಡವ್ತೀನ್ರಿ."

"ಎಡವಿದ್ರ ಪಾಠದ ತಪ್ಪು, ನಿಮ್ದಲ್ಲ."

ಬಸ್ಸು ಹೊರಡುವ ಸದ್ದಾಯಿತು. ಅವಳು ಮೆಟ್ಟಿಲು ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು ಅವನತ್ತ ಬಗ್ಗಿದಳು.

"ನಾ ಬಾಜೂಕ ಇರ್ತೀನಿ" ಅಂದಳು. "ಆದ್ರ ನಾಳಿಗಿ ಕೈ ಕಟಗೊಂಡು ಕುಂದ್ರೂದಿಲ್ಲ."