ಹಸನಬ್ಬರ ಉಸಿರಿನ ದರ

"ಇವರನ್ನು ಬಿಟ್ಟರೆ ನಿಮ್ಮ ಕಂತು ಅರ್ಧಕ್ಕೆ ಇಳೀತದೆ ಅಕ್ಕ," ಎಂದ ವಿಮಾ ಕಚೇರಿಯ ಲೋಹಿತ್, ಬುಟ್ಟಿಯಿಂದ ಹುಳುಕು ಬದನೆ ಎತ್ತಿಡುವವನ ಸಲೀಸಿನಲ್ಲಿ.

ಬಿಡಬೇಕಾದವರು ಪಕ್ಕದಲ್ಲೇ ಕೂತಿದ್ದರು. ಮಸ್ಕತ್ತಿನ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಕ್ರೇನ್ ನಡೆಸಿ, ಹೋದ ವಾರವಷ್ಟೇ ಸಂಸಾರ ಸಮೇತ ಮಂಗಳೂರಿಗೆ ಮರಳಿದ ಹಸನಬ್ಬ. ಅಲ್ಲಿನ ವಿಮೆ ಶುಕ್ರವಾರಕ್ಕೆ ಮುಗಿಯುತ್ತಿತ್ತು. 2061ರ ನಿಯಮದಂತೆ ನಡುವೆ ಒಂದು ದಿನ ತಪ್ಪಿದರೂ ಹೊಸ ವಿಮೆಗೆ ಮೂರು ವರ್ಷ ಕಾಯಬೇಕು.

ಮೇಜಿನ ಮೇಲೆ ತೆಂಗಿನಕಾಯಿ ಗಾತ್ರದ ಉಸಿರುಗನ್ನಡಿ ಇತ್ತು. ಅದರ ಕೊಳವೆಗೆ ಒಮ್ಮೆ ಊದಿದರೆ ಸಾಕು, ಅಂಗಾಂಗಗಳು ಉಸಿರಿಗೆ ಬಿಡುವ ಅಣುಗಳನ್ನು ಮೂಸಿ, ಹತ್ತು ವರ್ಷದೊಳಗೆ ಬರಬಹುದಾದ ಕಾಯಿಲೆಯನ್ನು ಹೇಳಿಬಿಡುತ್ತಿತ್ತು. ಹಸನಬ್ಬರ ಹೆಂಡತಿ ಜುಲೇಖಾಗೂ ಇಬ್ಬರು ಹೆಣ್ಣುಮಕ್ಕಳಿಗೂ ಹಸಿರು ದೀಪ ಹತ್ತಿತ್ತು. ಗಂಡನಿಗೆ ಕೆಂಪು: ಮೂವತ್ತು ವರ್ಷದ ಸಿಗರೇಟು ಚಟ, ಶ್ವಾಸಕೋಶದ ಕಾಯಿಲೆ ಬರಬಹುದು ಎಂದಿತ್ತು ಕನ್ನಡಿ.

"ಸಿಗರೇಟಾ? ಬೀಡಿ ಅಂಗಡಿ ಎದುರು ಹೋದರೂ ಕೆಮ್ಮುವ ಜನ ಇವರು," ಎಂದಳು ಜುಲೇಖಾ. ಆಮೇಲೆ ಅವಳ ಸ್ವರ ತಗ್ಗಿತು. ಮಸ್ಕತ್ತಿನಲ್ಲಿ ದಿನಾ ಗಂಡ ಹೊರಡುವ ಮೊದಲು ಕೆಂಡದ ಮೇಲೆ ಬಖೂರಿನ ಪರಿಮಳದ ಚೂರು ಹಾಕಿ, ಅವರ ಗಡ್ಡದಡಿ ಹಿಡಿದು ಅಂಗಿಗೆ ಹೊಗೆ ಕೊಡುತ್ತಿದ್ದವಳು ಅವಳೇ. "ಅದು ಬಖೂರು."

ಮೂಲೆಯ ಕುರ್ಚಿಯಿಂದ ಡಾ. ವಾರಿಜಾ ಶೆಟ್ಟಿಗಾರ್ ಎದ್ದು ಬಂದರು. ಕನ್ನಡಿ ಕಂಡುಹಿಡಿದವರು ಅವರೇ. ಅದನ್ನು ಕೊಂಡ ಕಂಪನಿ, ತಕರಾರು ಕೇಳಲೆಂದು ಅವರನ್ನೂ ಕೂರಿಸಿತ್ತು. "ಇದಕ್ಕೆ ಹೊಗೆ ಗೊತ್ತಾಗ್ತದೆ, ಯಾವ ಹೊಗೆ ಅಂತ ಗೊತ್ತಾಗುವುದಿಲ್ಲ. ತಿದ್ದಲಿಕ್ಕೆ ಅರ್ಜಿ ಹಾಕಿ. ಆರು ತಿಂಗಳು ಬೇಕು."

"ಆರು ತಿಂಗಳು ಇವರು ಉಸಿರು ಹಿಡಿದು ಕೂರಬೇಕಾ?"

"ಕಾಯಿಲೆ ಮೊದಲೇ ಗೊತ್ತಾದ್ರೆ ಮದ್ದು ಕೊಡಬಹುದು ಅಂತ ಮಾಡಿದ್ದು ಇದನ್ನು."

"ಮದ್ದು ಎಲ್ಲುಂಟು ಡಾಕ್ಟ್ರೇ? ಇಲ್ಲಿ ಕಾಣುವುದು ಬರೇ ದರಪಟ್ಟಿ."

ವಾರಿಜಾ ಕನ್ನಡಕ ತೆಗೆದರು. "ಕನ್ನಡಿ ಇಲ್ಲದಾಗಲೂ ಇದೇ ಕತೆ. ಶುಗರ್ ಉಂಟಾ, ಬಿಪಿ ಉಂಟಾ ಅಂತ ಕಾಗದದಲ್ಲಿ ಕೇಳಿಯೇ ನನ್ನ ಅಪ್ಪನನ್ನು ಹೊರಗಿಟ್ಟಿದ್ರು. ನಾನು ಆ ಕಾಗದಕ್ಕೊಂದು ಮೂಗು ಇಟ್ಟೆ, ಅಷ್ಟೇ."

"ನನ್ನನ್ನು ಬಿಡು ಜುಲೇಖಾ," ಎಂದರು ಹಸನಬ್ಬ. "ಮಕ್ಕಳಿಗೆ ಮಾಡಿಸು."

"ನೀವು ಸುಮ್ಮನಿರಿ." ಅವಳು ಲೋಹಿತನತ್ತ ತಿರುಗಿದಳು. "ನೀನು ಊದಿದ್ದೀಯಾ ತಮ್ಮಾ ಇದಕ್ಕೆ?"

"ನಮಗೆ ಬೇಡ ಅಕ್ಕ. ಸ್ಟಾಫಿಗೆ ಕಂಪನಿಯೇ ಕೊಡ್ತದೆ."

"ಹೌದಾ. ಅಡಿಗೆ ಭಟ್ಟ ತಾನು ಮಾಡಿದ್ದು ಉಣ್ಣುವುದಿಲ್ಲ ಅಂದ ಹಾಗಾಯ್ತು." ಅವನು ಮೂರೇ ಹೆಸರು ಟೈಪು ಮಾಡಿಟ್ಟಿದ್ದ ಅರ್ಜಿಯನ್ನು ಎಳೆದುಕೊಂಡು, ಎಲ್ಲಕ್ಕಿಂತ ಮೇಲೆ, ಕಂಪನಿಯ ಮುದ್ರೆಯ ಮೇಲೆಯೇ ಹೋಗುವಷ್ಟು ದಪ್ಪಕ್ಕೆ ಗಂಡನ ಹೆಸರು ಬರೆದಳು. "ಪೂರ್ತಿ ಕಂತು ಹಾಕು. ಮನೆಯ ಮೇಲೆ ಮಾಳಿಗೆ ಕಟ್ಟಿಸಲಿಕ್ಕೆ ಇಟ್ಟ ದುಡ್ಡು ಇದಕ್ಕೇ ಹೋಗಲಿ. ಇವರಿಲ್ಲದೆ ಅಲ್ಲಿ ಹತ್ತುವವರು ಯಾರು?"

"ಯೋಚನೆ ಮಾಡಿ ಅಕ್ಕ."

"ಮಾಡಿಯೇ ಬರೆದದ್ದು."

ಇಂಥವರ ಜತೆ ಏಗುವುದೇ ನನ್ನ ಹಣೆಬರಹ ಎಂಬಂತೆ ಲೋಹಿತ್ ಅರ್ಜಿಗಾಗಿ ಮೇಜಿನ ಮೇಲೆ ಬಾಗಿ, ದೀರ್ಘವಾಗಿ ನಿಟ್ಟುಸಿರು ಬಿಟ್ಟ. ಕೊಳವೆ ಅವನ ಮೂತಿಯ ಮುಂದೆಯೇ ಇತ್ತು. ಕನ್ನಡಿ ಎರಡು ಕ್ಷಣ ಗುಂಯ್‌ಗುಟ್ಟಿ ಕೆಂಪಾಯಿತು. ಅವನು ಅಂಗೈಯಿಂದ ದೀಪ ಮುಚ್ಚಿದ. ಬೆರಳ ಸಂದಿಯಲ್ಲಿ ಕೆಂಪು ಕಾಣುತ್ತಲೇ ಇತ್ತು.