ಅಭಿಜಿನ್ ಮುಹೂರ್ತದ ಸಾವಿರ ಲಿಂಕು

ನನ್ನ ಲ್ಯಾಪ್‌ಟಾಪ್ ಶರಾವತಿಯ ಮೇಲೆ ನೇತಾಡುತ್ತಿತ್ತು!

ಎರಡೇ ಬೆರಳಲ್ಲಿ ಅದನ್ನು ಹಿಡಿದು ನಿಂತವನು ಅನೂಪ. ರೆಸಾರ್ಟ್ ಮಾಲೀಕ ಗುರುದತ್ತನ ಬಲಗೈ. ಜಿಮ್ಮಿನಲ್ಲಿ ಬೆಳೆಸಿದ ಮೈ, ಬೆಳೆಸೋಕೆ ಮರೆತ ಬುದ್ಧಿ. ನಮ್ಮ ದೋಣಿ ಅಳಿವೆಯ ಹತ್ತಿರ ಓಲಾಡುತ್ತಿತ್ತು. ಹೊಳೆ ಸಮುದ್ರ ಸೇರುವ ಜಾಗ ಅದು. ಹೊನ್ನಾವರದ ಹಳೇ ಮೀನುಗಾರರೂ ಅಲ್ಲಿ ಎಂಜಿನ್ ಆಫ್ ಮಾಡೋದಿಲ್ಲ.

ಅನೂಪ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಂಡಿದ್ದ.

"ಹೂಂ ಅಂತ್ಯೋ... ಬಿಡ್ಲೋ?"

"ಬಿಡು," ಅಂದೆ. "ಬ್ಯಾಕಪ್ ಇದೆ."

"ಹಂಗಾದ್ರೆ ನಿನ್ನೇ ಬಿಡ್ತೆ!"

ನನಗೆ ಬ್ಯಾಕಪ್ ಇರಲಿಲ್ಲ...

ಎದುರಿನ ಸೀಟಿನಲ್ಲಿ ಗುರುದತ್ತ ಕೂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಗೆ ಗಂಧ. ಹಿನ್ನೀರಿನಲ್ಲಿ ಟೂರಿಸ್ಟ್ ದೋಣಿ ಬಿಡುವವರಲ್ಲಿ ಅವನದೇ ದೊಡ್ಡ ಕೈ.

"ಭಾಗ್ಯಲಕ್ಷ್ಮೀ... ಕುಮಟೆಯ ಮಾಲಿನಿ ಹೋಮ್‌ಸ್ಟೇನ ಗೂಗಲ್‌ನಲ್ಲಿ ಮೇಲೆ ತಂದವಳು ನೀನು. ನಂದು ಯಾಕೆ ಮಾಡೂದಿಲ್ಲ?"

"ಕಾರಣ ನಿಮಗೇ ಗೊತ್ತು."

ಅವನು ನಕ್ಕ. ಚುಕ್ಕಾಣಿ ಹಿಡಿದು ಕೂತಿದ್ದವರ ಕಡೆ ಗಲ್ಲ ಎತ್ತಿ ತೋರಿಸಿದ.

ಅಲ್ಲಿ ಕೂತದ್ದು ನನ್ನ ಅಪ್ಪ! ಹೆಸರು ಶನಿಯಾರ. ಮೈಮೇಲೆ ಗುರುದತ್ತನ ರೆಸಾರ್ಟಿನ ಹೆಸರಿದ್ದ ನೀಲಿ ಟೀಶರ್ಟು. ಕಣ್ಣು ನೀರಿನ ಮೇಲೆ.

"ಒಡೆಯಾ... ಹುಡುಗಿನ ಬಿಟ್ಬಿಡಿ," ಅಂದ ಅಪ್ಪ.

ಆ 'ಒಡೆಯಾ' ಕೇಳಿದ್ದೇ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಸೈಟಿಗೆ ಲಿಂಕ್ ಬೇಕು ಅಂತ ನನ್ನ ಹತ್ತಿರ ಬಂದಿದ್ದೀರಿ. ಮೊದಲು ಇದು ಕೇಳಿ, ಆಮೇಲೆ ವ್ಯವಹಾರ.

ಬ್ಯಾಕ್‌ಲಿಂಕ್ ಅಂದರೆ ಏನು? ಒಂದು ಸೈಟು ಇನ್ನೊಂದನ್ನು ತೋರಿಸಿ 'ಅಲ್ಲಿಗೆ ಹೋಗಿ, ಚೆನ್ನಾಗಿದೆ' ಅನ್ನೋದು. ಅಷ್ಟೇ. ಹೆಣ್ಣಿನ ಬಗ್ಗೆ ಊರಿನ ಮರ್ಯಾದಸ್ಥರು ನಾಲ್ಕು ಒಳ್ಳೆ ಮಾತು ಹೇಳಿದರೆ ಸಂಬಂಧ ಕುದುರುತ್ತದೆ. ಸಾರಾಯಿ ಅಂಗಡಿ ಮುಂದೆ ಬಿದ್ದವರು ಬಂದು ಹೊಗಳಿದರೆ? ಗೂಗಲ್ ಕೂಡ ಹಾಗೇ ನೋಡುತ್ತದೆ. ಹೊಗಳಿಕೆಯನ್ನು ದುಡ್ಡು ಕೊಟ್ಟು ಕೊಂಡಿದ್ದಾರೆ ಅಂತ ಗೊತ್ತಾದರೆ ಕತ್ತು ಹಿಡಿದು ಆಚೆ ಹಾಕುತ್ತದೆ. ಅದಕ್ಕೇ ನನ್ನ ಕಸುಬಿನಲ್ಲಿ ಮೊದಲು ಬೇಕಾದದ್ದು ಹುಷಾರು, ಕೊನೆಗೆ ಬೇಕಾದದ್ದೂ ಹುಷಾರು.

ಅಪ್ಪನಿಗೆ ಸ್ವಂತ ದೋಣಿ ಇತ್ತು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಟೂರಿಸ್ಟರನ್ನು ಸುತ್ತಾಡಿಸುತ್ತಿದ್ದ. ಚಿಕ್ಕದೊಂದು ಸೈಟೂ ಇತ್ತು. 'ಹೊನ್ನಾವರ ಬೋಟಿಂಗ್' ಅಂತ ಹುಡುಕಿದರೆ ಗುರುದತ್ತನಿಗಿಂತ ಮೇಲೆ ಬರುತ್ತಿತ್ತು. ಅಪ್ಪ ಮಾಡಿದ ಅಪರಾಧ ಇಷ್ಟೇ.

ಗುರುದತ್ತ ಮನೆಗೇ ಬಂದ. ಚಾ ಕುಡಿದ. "ನಿನ್ನ ಸೈಟು ಇನ್ನೂ ಮೇಲೆ ತರ್ತೆ ಶನಿಯಾರ, ನೀ ನಮ್ಮವನೇ ಅಲ್ವಾ?" ಅಂದ. ಅಪ್ಪ ಕೈ ಮುಗಿದ. ಗುರುದತ್ತ ಮುಂಬೈಯ ಒಬ್ಬ ಏಜೆಂಟನ ಕೈಯಲ್ಲಿ ಜೂಜಿನ ಸೈಟು, ಹೊಲಸು ಸೈಟುಗಳ ಲಿಂಕನ್ನೆಲ್ಲ ಅಪ್ಪನ ಕೊರಳಿಗೆ ಕಟ್ಟಿಸಿದ. ಗೂಗಲ್ ಅಪ್ಪನ ಸೈಟನ್ನು ಹೊರಗೆ ಎಸೆಯಿತು. ಫೋನು ರಿಂಗಾಗೋದು ನಿಂತಿತು. ದೋಣಿ ಮಾರಿದೆವು.

ಕೊಂಡವನು ಯಾರು? ಗುರುದತ್ತ!

ಅಪ್ಪ ಈಗ ತನ್ನದೇ ದೋಣಿಯಲ್ಲಿ ಕೂಲಿಯಾಳು. ನಾವು ಅವತ್ತು ಅಳಿವೆಯಲ್ಲಿ ಕೂತಿದ್ದದ್ದು ಅದೇ ದೋಣಿ. ದೋಣಿ ಮಾರಿದಾಗ ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಅಪ್ಪನ ಸೈಟನ್ನು ಕೊಂದವರು ಯಾರು ಅಂತ ಹುಡುಕುತ್ತ ಹುಡುಕುತ್ತ ಈ ಕಸುಬು ಕಲಿತೆ. ಕೊಂದವನ ಹೆಸರು ಸಿಕ್ಕ ದಿನ ಬಸ್‌ಸ್ಟ್ಯಾಂಡಿನ ಬೇಕರಿ ಮೇಲೆ ಆಫೀಸು ತೆರೆದೆ. ಬೋರ್ಡಿನಲ್ಲಿ ಬರೆಸದ ಕೆಲಸ ಒಂದೇ. ಅವನನ್ನು ಮುಳುಗಿಸೋದು, ಅಪ್ಪನನ್ನು ಅವನ ದೋಣಿಯಿಂದ ಇಳಿಸೋದು.

ಈಗ ದೋಣಿಯಲ್ಲಿ ಅವನೇ ಕೆಲಸ ಕೇಳುತ್ತ ಎದುರು ಕೂತಿದ್ದಾನೆ!

"ಆತು," ಅಂದೆ. "ಮಾಡ್ತೆ. ಆದ್ರೆ ನಾ ಹೇಳ್ದ ಹಾಂಗೆ ಕೇಳ್ಬೇಕು."

ಅನೂಪ ಲ್ಯಾಪ್‌ಟಾಪ್ ಕೊಟ್ಟ. ಕೀ ತಿರುಗಿಸಿದ. ಅಪ್ಪ ನನ್ನ ಮುಖ ನೋಡಲಿಲ್ಲ.

ಮರುದಿನದಿಂದಲೇ ಸ್ಕೂಟರ್ ಏರಿದೆ. ಸತ್ಯ ಹೇಳುತ್ತೇನೆ, ಕೆಲಸದಲ್ಲಿ ಮೋಸ ಮಾಡಲಿಲ್ಲ. ಅವನು ತಪ್ಪು ಮಾಡಿಯೇ ಮಾಡುತ್ತಾನೆ ಅಂತ ನನಗೆ ನಂಬಿಕೆ ಇತ್ತು. ದುರಾಸೆಯವರ ಮೇಲೆ ನನಗೆ ಯಾವಾಗಲೂ ನಂಬಿಕೆ.

ಲಿಂಕನ್ನು ನಾನು ನೆಟ್ಟಿನಲ್ಲಿ ಕಣ್ಣು ಮುಚ್ಚಿ ಕೊಳ್ಳೋದಿಲ್ಲ. ಮನೆಗೇ ಹೋಗುತ್ತೇನೆ. ಕಾಯ್ಕಿಣಿಯ ಮಹಾಬಲಣ್ಣ ಹಕ್ಕಿ ಫೋಟೋ ತೆಗೆದು ಸೈಟಿನಲ್ಲಿ ಹಾಕುತ್ತಾರೆ. ಅವರ ಜಗಲಿಯಲ್ಲಿ ಕೂತು ಕಷಾಯ ಕುಡಿದೆ. ಓದುಗರು ನಿಜವಾದವರೋ, ಜೂಜಿನ ಜಾಹೀರಾತು ಇದೆಯೋ, ಕಂಡಕಂಡವರಿಗೆ ಲಿಂಕ್ ಮಾರಿದ್ದಾರೋ... ಎಲ್ಲ ನೋಡಿದೆ. ಭಟ್ಕಳದಲ್ಲಿ ಅಲ್ಲಿನ ನವಾಯತ ಮುಸ್ಲಿಮರ ಅಡುಗೆ ಬಗ್ಗೆ ಬರೆಯುವ ಒಬ್ಬರು ಅಕ್ಕ ಇದ್ದಾರೆ, ಎಲ್ಲರೂ ಆಪಾ ಅನ್ನುತ್ತಾರೆ. ಅವರು ಇನ್ನೂ ಬಿಗಿ.

"ಪೆಹಲೇ ಬೋಟ್ ದಿಖಾವ್! ಮೊದಲು ತೋರಿಸು. ನಾನು ನೋಡದ್ದನ್ನ ಚಲೋ ಅಂತ ಬರೆಯೂದಿಲ್ಲ," ಅಂದರು.

ಅಂಥವರ ಲಿಂಕೇ ಲಿಂಕು! ಸುತ್ತಿ ಸುತ್ತಿ ಐದು ಸಿಕ್ಕವು. ಐದನ್ನೂ ಒಟ್ಟಿಗೆ ಹಾಕಿಸಬಾರದು; ಈ ತಿಂಗಳು ಒಂದು, ಮುಂದೆ ಯಾವಾಗಲೋ ಇನ್ನೊಂದು. ಒಬ್ಬೊಬ್ಬರದು ಒಂದೊಂದು ಮಾತು. ಆಗ ಗೂಗಲ್‌ಗೆ ಅದು ಊರಿನ ಮಾತಿನ ಹಾಗೆ ಕೇಳಿಸುತ್ತದೆ.

ಗುರುದತ್ತನ ರೆಸಾರ್ಟಿಗೆ ಹೋಗಿ ಹೇಳಿದೆ. ಅವನ ಮುಖ ಹುಳಿ ಹುಳಿ.

"ಐದಾ? ಭಿಕ್ಷೆ ಎತ್ತಿದ್ಯಾ? ನಂಗೆ ಸಾವಿರ ಬೇಕು! ಅದೂ ವಿಜಯದಶಮಿ ದಿನ. ಅಭಿಜಿನ್ ಮುಹೂರ್ತದಲ್ಲಿ."

"ಯಾವುದು?"

"ಎಲ್ಲಾ! ಸಾವಿರಕ್ಕೆ ಸಾವಿರವೂ ಆಗ್ಲೇ ಹತ್ಬೇಕು. ಎಲ್ಲದ್ರಲ್ಲೂ 'ಹೊನ್ನಾವರ ಬೋಟಿಂಗ್' ಅಂತ ಒಂದೇ ನಮೂನೆ ಇರ್ಬೇಕು. ಜೋಯಿಸರು ಹೇಳಿದ್ದಾರೆ, ಈ ಮುಹೂರ್ತದಲ್ಲಿ ಹಿಡಿದದ್ದು ಕೈ ಬಿಡೂದಿಲ್ಲ."

ನೀವು ನಗಬೇಡಿ. ನಮ್ಮ ಕಡೆ ಹೊಸ ದೋಣಿ ನೀರಿಗಿಳಿಸೋಕೆ ಮುಹೂರ್ತ ಬೇಕು, ಬಾವಿ ತೋಡೋಕೆ ಮುಹೂರ್ತ ಬೇಕು. ನಾನೂ ನೋಡಿಸುತ್ತೇನೆ. ಆದರೆ ಗೂಗಲ್‌ಗೆ ಪಂಚಾಂಗ ಓದೋಕೆ ಬರೋದಿಲ್ಲ ಮಾರಾಯ್ರೆ!

"ಬೇಡ ಗುರುದತ್ತರೇ," ಅಂದೆ. "ಸಾವಿರ ಜನ ಒಂದೇ ಹೊತ್ತಿಗೆ, ಒಂದೇ ಮಾತಲ್ಲಿ ಹೊಗಳಿದ್ರೆ ಎಂತವನಿಗೂ ಗೊತ್ತಾಗ್ತದೆ, ಕೊಂಡದ್ದು ಅಂತ."

"ಕೊಳಕು ಸೈಟಿನ ಲಿಂಕಾದ್ರೆ ಸಾಯ್ತದೆ. ನಿಮ್ಮಪ್ಪಂಗೆ ಕಟ್ಸಿದ್ನಲ್ಲ, ನಂಗೊತ್ತಿಲ್ವಾ? ನಂದೆಲ್ಲ ಕ್ಲೀನು. ಅದೇ ಮುಂಬೈಯವ ಕೊಡ್ತಾ."

ಎಷ್ಟು ಸಲೀಸಾಗಿ ಅಂದ ನೋಡಿ! ಹಲ್ಲಿಗೆ ಸಿಕ್ಕ ನಾರು ತೆಗೆದ ಹಾಗೆ. ಟೇಬಲ್ ಮೇಲಿದ್ದ ಸೋಡಾ ಬಾಟಲಿ ಎತ್ತಿ ಅವನ ಗಂಧದ ಬೊಟ್ಟಿಗೇ ಬಾರಿಸಬೇಕು ಅನ್ನಿಸಿತು.

ಬಾರಿಸಲಿಲ್ಲ. ಮತ್ತೊಮ್ಮೆ ಹೇಳಿದೆ. ಕೇಳಲಿಲ್ಲ. ಇನ್ನೊಮ್ಮೆಯೂ ಹೇಳಿದೆ.

"ನೀ ನಂಗೆ ಕಲಿಸ್ಬೇಡ!"

"ಆತು. ಹಂಗಾರೆ ಈ ಐದು?"

"ನೀನೇ ಇಟ್ಕೋ! ನಿಮ್ಮಪ್ಪನ ತಲೆಗೆ ಕಟ್ಟು!"

ಅನೂಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಥ್ಯಾಂಕ್ಸ್," ಅಂದೆ. ಮನಸ್ಸಿನಿಂದಲೇ ಅಂದೆ.

ವಿಜಯದಶಮಿ ಬಂತು. ಕಂಪ್ಯೂಟರಿಗೆ ಕುಂಕುಮ, ಮೌಸಿಗೆ ಸೇವಂತಿಗೆ. ನಡು ಮಧ್ಯಾಹ್ನ ಕಾಯಿ ಒಡೆದರು, ಮುಂಬೈಗೆ ಫೋನು ಹೋಯಿತು, ಸಾವಿರ ಲಿಂಕೂ ಒಟ್ಟಿಗೆ ಹತ್ತಿದವು. ಮೊದಮೊದಲು ಅವನ ಸೈಟು ಏರಿತು ಕೂಡ! ಅನೂಪ ನನ್ನ ಆಫೀಸಿಗೇ ಬಂದು ಪೇಡೆ ಕೊಟ್ಟು ಹೋದ.

ಪೇಡೆ ತಿಂದೆ. ಚೆನ್ನಾಗಿತ್ತು.

ಅಪ್ಪನಿಗೆ ಹೊಸ ಸೈಟ್ ಮಾಡಿದೆ. ಗಣಪಿ ಅತ್ತೆಯ ಹಿತ್ತಲಲ್ಲಿ ಕವುಚಿ ಬಿದ್ದಿದ್ದ ಹಳೇ ದೋಣಿಯನ್ನು ರಿಪೇರಿ ಮಾಡಿಸಿ ಗೇರುಸೊಪ್ಪ ರಸ್ತೆಯ ಕಡೆ ಸದ್ದಿಲ್ಲದೆ ಕಟ್ಟಿಸಿದೆ. ಆಪಾರನ್ನು ಅದರಲ್ಲೇ ಕೂರಿಸಿ ಸುತ್ತಾಡಿಸಿದೆ. ಅವರು ಬರೆದರು. ಅದು ಮೊದಲನೇ ಲಿಂಕು. ಮತ್ತೆ ಕಾದೆ. ಆಮೇಲೆ ಮಹಾಬಲಣ್ಣ. ಮತ್ತೆ ಕಾದೆ...

ಒಂದು ಬೆಳಿಗ್ಗೆ ಭಟ್ಕಳದಲ್ಲಿ ಆಪಾರ ಮನೆಯಲ್ಲಿದ್ದೆ. ಫೋನಿನಲ್ಲಿ 'ಹೊನ್ನಾವರ ಬೋಟಿಂಗ್' ಹುಡುಕಿದೆ. ಗುರುದತ್ತ ಮೊದಲ ಪುಟದಲ್ಲಿ ಇಲ್ಲ. ಎರಡರಲ್ಲಿ ಇಲ್ಲ. ಎಲ್ಲೂ ಇಲ್ಲ!

ಕೊಂಡ ಲಿಂಕು ಅಂತ ಗೂಗಲ್ ನೋಟಿಸ್ ಕೊಟ್ಟು ಅವನನ್ನು ಹೊರಗೆ ಹಾಕಿತ್ತು.

ಅಷ್ಟರಲ್ಲಿ ಅಪ್ಪನ ಫೋನು.

"ಮಗಾ... ಅನೂಪ ನಿನ್ನ ಹುಡುಕ್ತಾ ಭಟ್ಕಳಕ್ಕೆ ಹೋದ. ಕೈಯಲ್ಲಿ ರಾಡಿತ್ತು!"

"ಅಪ್ಪ, ಆ ನೀಲಿ ಟೀಶರ್ಟು ಬಿಚ್ಚು. ದೋಣಿ ಕಟ್ಟಿ ಮನೆಗೆ ಹೋಗು."

"ಒಡೆಯ ಎಂತ ಹೇಳ್ತ್ರೋ..."

"ಒಡೆಯ ಮುಗ್ದ ಅಪ್ಪ!"

ಸ್ಕೂಟರ್ ಹತ್ತಿದೆ. ಶಿರಾಲಿ ದಾಟುವಾಗ ಎದುರಿನಿಂದ ಬಂದ ಕಪ್ಪು ಜೀಪು ಗರ್ರನೆ ತಿರುಗಿ ಹಿಂದೆ ಬಿತ್ತು. ಹಾರ್ನ್ ಮೇಲೆ ಹಾರ್ನ್! ಹೈವೇಯಲ್ಲಿ ನನ್ನ ಸ್ಕೂಟರ್ ಅದಕ್ಕೆ ಸಾಟಿಯೇ? ಬಂಪರ್ ನನ್ನ ನಂಬರ್ ಪ್ಲೇಟನ್ನು ಮುಟ್ಟಿತು. ಸ್ಕೂಟರ್ ವಾಲಿತು. ಕಾಲು ಊರಿ ಸಾವರಿಸಿದೆ. ಚಪ್ಪಲಿ ಹರಿದು ಹೋಯಿತು!

ಕಾಯ್ಕಿಣಿ ಬಂತು. ಸರಕ್ಕನೆ ಒಳದಾರಿಗೆ ತಿರುಗಿಸಿದೆ. ಮಹಾಬಲಣ್ಣನ ಮನೆಗೆ ಹೋಗೋದು ರೈಲ್ವೆ ಹಳಿಯ ಕೆಳಗಿನ ಮೋರಿಯಲ್ಲಿ ನುಗ್ಗಿ. ದನ ಹೋಗುತ್ತದೆ, ಸ್ಕೂಟರ್ ಹೋಗುತ್ತದೆ.

ಜೀಪು ಹೋಗೋದಿಲ್ಲ.

ಅನೂಪನಿಗೆ ಅದು ತಿಳಿದದ್ದು ನುಗ್ಗಿದ ಮೇಲೆ! ಧಡ್ ಅಂತ ಸದ್ದು. ಎರಡೂ ಬದಿಯ ಗೋಡೆಗೆ ಜೀಪು ಕಚ್ಚಿಕೊಂಡಿತು. ಬಾಗಿಲು ತೆರೆಯೋಕಾಗದೆ ಒಳಗೇ ಒದ್ದಾಡುತ್ತಿದ್ದ. ಮಹಾಬಲಣ್ಣ ಕ್ಯಾಮೆರಾ ಹಿಡಿದು ಓಡಿ ಬಂದರು. ಗದ್ದೆಯಲ್ಲಿದ್ದವರೂ ಬಂದರು.

ನಾನು ಬರಿಗಾಲಲ್ಲೇ ವಾಪಸು ನಡೆದೆ. ಒಡೆದ ಗಾಜಿನೊಳಗಿಂದ ಅನೂಪ ಮೊಬೈಲು ಚಾಚಿದ. ಸ್ಪೀಕರಿನಲ್ಲಿ ಗುರುದತ್ತ.

"ಸರಿ ಮಾಡೇ! ಕ್ರಿಸ್‌ಮಸ್ ಸೀಸನ್ ಬಂತು. ಒಂದು ಬುಕಿಂಗ್ ಇಲ್ಲ!"

"ಸಾವಿರ ಸೈಟಿನವರಿಗೂ ಬರೆದು ಲಿಂಕ್ ತೆಗೆಸಿ. ಆಮೇಲೆ ಗೂಗಲ್‌ಗೆ ತಪ್ಪಾಯ್ತು ಅಂತ ಬರೀರಿ."

"ಎಷ್ಟು ದಿನ ಬೇಕು?"

"ಗೊತ್ತಿಲ್ಲ. ನೀವು ಕೊಂದ ನನ್ನಪ್ಪನ ಸೈಟು ಇನ್ನೂ ಎದ್ದಿಲ್ಲ."

ಗುರುದತ್ತ ಫೋನು ಕಟ್ ಮಾಡಿದ. ಎಂಥಾ ಸುಖ ಅಂತೀರಿ! ಯಾರಾದರೂ ಸೇಡು ಕಹಿ ಅಂದರೆ ನಂಬಬೇಡಿ. ಅವರು ತಿಂದೇ ನೋಡಿಲ್ಲ.

ಐದನೇ ಲಿಂಕು ಹತ್ತುವಷ್ಟರಲ್ಲಿ ಬಿಸಿಲು ಕಾಲ ಬಂದಿತ್ತು. ಅಪ್ಪ ಗಣಪಿ ಅತ್ತೆಯ ಆ ದೋಣಿ ನಡೆಸುತ್ತಿದ್ದ. ಗುರುದತ್ತನ ದೋಣಿಗಳು ಟಾರ್ಪಾಲಿನ ಕೆಳಗೆ ಮಲಗಿದ್ದವು. ಅವನ ಕೆಲಸದವರಲ್ಲಿ ಇಬ್ಬರು ಅಪ್ಪನ ಹತ್ತಿರ ಬಂದು, "ಶನಿಯಾರಣ್ಣ, ಕೆಲಸ ಇದ್ಯಾ?" ಅಂದರು. ಅಪ್ಪ ಅವರಿಗೆ ಮೊದಲು ಚಾ ಕೊಟ್ಟ. ಮೈಮೇಲೆ ತನ್ನದೇ ಹಳೇ ಚೌಕಳಿ ಅಂಗಿ ಇತ್ತು. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ?

ಆಗಲೇ ಫೋನು ಬಂತು. ಗುರುದತ್ತ. ಕುಡಿದಿದ್ದ.

"ಎಲ್ಲಿ ಅಡಗಿ ಕೂತೀರೇ ಅಪ್ಪ ಮಗಳು? ದೋಣಿ ಎಲ್ಲಿ ಕಟ್ಟೀರಿ? ಈ ಹೊಳೆಯಲ್ಲಿ ಯಾವ ಮೂಲೆಯಲ್ಲಿದ್ರೂ ಹುಡುಕಿ ತೆಗೀತೆ!"

"ಹುಡುಕಿ ಗುರುದತ್ತರೇ," ಅಂದೆ. "ಗೂಗಲ್‌ನಲ್ಲಿ ಮೊದಲನೇದೇ ನಾವು."