ಉತ್ತರ ಬರುವ ತನಕ

"ಮೋಟಾರ್ ಯಾಕ ಸುಟ್ತು?" ಎಂದು ಕೇಳಿದೆ.

"ಸೋಮವಾರ, ಪ್ರೇಯರ್ ನಡೆದಿತ್ತಲ್ರೀ, ಆವಾಗ," ಎಂದಳು.

ನಾನು ಪೆನ್ನು ಕೆಳಗಿಟ್ಟೆ. "ಯಾವಾಗ ಅಂತ ಕೇಳ್ಲಿಲ್ಲರಿ. ಯಾಕ ಅಂತ ಕೇಳಿದೆ."

"ನಾನು ಇಂಗ್ಲಿಷ್ ಟೀಚರ್ ರೀ. ಇಂಗ್ಲಿಷಿನಾಗ ಎರಡಕ್ಕೂ ಒಂದೇ ಮಾತು ನಡೀತತಿ."

ಹೇಳಿ ನಗಲಿಲ್ಲ. ಆದರೆ ಕಣ್ಣು ಮೋಟಾರಿನ ಮೇಲಿಂದ ಎದ್ದು ನನ್ನ ಮುಖದ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತಿತು. ಕಿವಿಯ ಪಕ್ಕದಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿತ್ತು. ಹೇಳಬೇಕೆನಿಸಿತು, ಹೇಳಲಿಲ್ಲ.

ಹರಪನಹಳ್ಳಿಯ ಕೊಟ್ಟೂರು ರಸ್ತೆಯಲ್ಲಿ ನನ್ನದು ರೀವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಹೊಟ್ಟೆ ಬಿಚ್ಚಿ, ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ಕೆಲಸ. ಬಂದ ಮೋಟಾರಿಗೆಲ್ಲ ಒಂದು ಚೀಟಿ ಕಟ್ಟುತ್ತೇನೆ. ಸುಟ್ಟ ದಿನ ಒಂದು ಕಡೆ, ಸುಟ್ಟ ಕಾರಣ ಒಂದು ಕಡೆ. ಯಾಕೆ ಸುಟ್ಟಿತು ಎಂದರೆ ನಮ್ಮ ಕಡೆಯ ಜನ "ತ್ರೀ ಫೇಸ್ ಕರೆಂಟ್ ಬಂದ ಕೂಡ್ಲೆ" ಎನ್ನುತ್ತಾರೆ, "ನಾನು ಊಟಕ್ಕ ಕುಂತಿದ್ನೆಪಾ, ಆವಾಗ" ಎನ್ನುತ್ತಾರೆ. ಕಾರಣ ನಾನೇ ಬಿಚ್ಚಿ ನೋಡಿ ಬರೆದುಕೊಳ್ಳುತ್ತೇನೆ.

ಅವಳ ಹೆಸರು ಗುಲಫಶಾ. ಗೋಣಿಚೀಲದ ವ್ಯಾಪಾರ ಮಾಡುವ ಯೂಸುಫ್ ಸಾಬರ ಮಗಳು. ತಾಯಿ ಇಲ್ಲ. ಖಾಸಗಿ ಸ್ಕೂಲಿನ ನೀರಿನ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ತಾನೇ ಬಂದಿದ್ದಳು.

ಆ ದಿನಗಳಲ್ಲಿ ನನಗೊಂದು ಪಂಪ್ ಕಂಪನಿಯ ಸರ್ವಿಸ್ ಸೆಂಟರ್ ಸಿಗುವುದರಲ್ಲಿತ್ತು. ರಿಪೋರ್ಟು ಮಾತ್ರ ಇಂಗ್ಲಿಷಿನಲ್ಲೇ ಬರೆದು ಕಳಿಸಬೇಕು ಎಂದಿದ್ದರು. ಮೋಟಾರ್ ರಿಪೇರಿಯಾಗಿ ಅವಳು ವಾಪಸ್ ಒಯ್ಯಲು ಬಂದ ದಿನ ಧೈರ್ಯ ಮಾಡಿ ಕೇಳಿದೆ. "ನನಗ ಇಂಗ್ಲಿಷ್ ಕಲಿಸ್ತೀರೇನ್ರಿ, ಟೀಚರ್?"

"ಬಡಿತೀನಿ ಮತ್ತ, ತಪ್ಪು ಬರೆದ್ರ."

"ಬಡೀರಿ."

"ಸಂಜಿ ಐದಕ್ಕ ಮನಿಗೆ ಬರ್ರಿ. ಅಬ್ಬಾ ಇರ್ತಾರ."

ಅಬ್ಬಾ ಇರುತ್ತಿದ್ದರು. ಪಡಸಾಲೆಯ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ ಹಳೇ ಚೀಲಗಳ ನಡುವೆ ಕೂತು, ಗೇಣುದ್ದದ ಸೂಜಿಯಿಂದ ಹರಕು ಹೊಲಿಯುತ್ತಿದ್ದರು. ಮೆಕ್ಕೆಜೋಳದ ಸುಗ್ಗಿ ಹತ್ತಿರ ಬಂದಿತ್ತು. ಇನ್ನೊಂದು ಮೂಲೆಯಲ್ಲಿ ನಾವಿಬ್ಬರು, ನಡುವೆ ಒಂದು ಸ್ಟೂಲು.

ಸಿನ್ಸ್ ಎಂಬ ಮಾತಿನ ಪಾಠ ನಡೆದ ದಿನ ನನಗಿನ್ನೂ ನೆನಪಿದೆ. ಅಂದಿನಿಂದ ಎನ್ನುವುದಕ್ಕೂ ಅದೇ, ಆದ್ದರಿಂದ ಎನ್ನುವುದಕ್ಕೂ ಅದೇ. ಆ್ಯಸ್ ಕೂಡ ಹಾಗೆಯೇ, ಹೋಗುತ್ತಿರುವಾಗ ಎಂದೂ ಆಗುತ್ತದೆ, ಹೋಗುತ್ತಿರುವುದರಿಂದ ಎಂದೂ ಆಗುತ್ತದೆ. ಮುಂದಿನ ಮಾತು ನೋಡಿ ತಿಳಿದುಕೊಳ್ಳಬೇಕು ಎಂದಳು.

ಮೂಲೆಯಿಂದ ಯೂಸುಫ್ ಸಾಬರು ಕೇಳಿದರು. "ಯಾವಾಗ, ಯಾಕ, ಎರಡೂ ಒಂದೇ ಅಂದ್ರ, ಇಂಗ್ಲಿಷ್‌ನೋರು ಜಗಳ ಹೆಂಗ ಮಾಡ್ತಾರವ್ವಾ?"

"ಅವರು ಜಗಳ ಮಾಡಂಗಿಲ್ಲ ಅಬ್ಬಾ. ಸಾರಿ ಅಂತಾರ, ಹೋಗ್ತಾರ."

ಮೂವರೂ ನಕ್ಕೆವು. ಅವಳು ನಗುವಾಗ ಮೊದಲು ಬಾಯಿಗೆ ದುಪಟ್ಟಾ ಬರುತ್ತಿತ್ತು, ಆಮೇಲೆ ನಗು. ದುಪಟ್ಟಾದ ಮೇಲೆ ಕಣ್ಣು ಮಾತ್ರ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ನಾನು ಯಾವತ್ತೂ ಕೇಳಿದ್ದಿಲ್ಲ.

ಆ ದಿನ ಸಿನ್ಸ್ ಹಾಕಿ ಒಂದು ವಾಕ್ಯ ಬರೆಯಿರಿ ಎಂದಳು. ಬೆವರಿಕೊಂಡು ಬರೆದೆ. ನೀವು ಮೋಟಾರ್ ತಂದಾಗಿನಿಂದ ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ ಎಂದು.

ಕೆಂಪು ಪೆನ್ನು ಹಿಡಿದು ಓದಿದಳು. ಇನ್ನೊಮ್ಮೆ ಓದಿದಳು. ತಂದೆಗೆ ಕೇಳಿಸದ ಹಾಗೆ, "ಇದು ಟೈಮ್ ಏನ್ರಿ, ಕಾರಣಾನ?" ಎಂದಳು.

"ನೀವ ತಿಳ್ಕೊಳ್ರಿ."

ತಲೆ ಎತ್ತಲಿಲ್ಲ. ಸರಿ ಎಂಬ ಗುರುತು ಹಾಕಲು ಅಷ್ಟು ಹೊತ್ತು ಯಾರೂ ತೆಗೆದುಕೊಳ್ಳುವುದಿಲ್ಲ.

ಅವತ್ತೇ ಬಾಯಿಬಿಟ್ಟು ಹೇಳಬಹುದಿತ್ತು. ನಾಲ್ಕು ತಿಂಗಳ ಸಂಜೆಗಳಲ್ಲಿ ಯಾವತ್ತಾದರೂ ಹೇಳಬಹುದಿತ್ತು. ನಾನು ಮರ್ಯಾದೆಯ ಹಾದಿ ಹಿಡಿದೆ. ನನ್ನ ಫುಪ್ಪು, ಅಂದರೆ ತಂದೆಯ ಅಕ್ಕ ಶಹಜಾನಬಿ, ನಮ್ಮ ಓಣಿಯ ಅರ್ಧ ಮದುವೆಗಳ ಮಾತು ಒಯ್ದವಳು. ಅವಳ ಮುಂದೆ ಹೇಳಿದೆ.

ಎಲೆಯಡಿಕೆ ಜಗಿಯುತ್ತ ಕೇಳಿದಳು. "ಶುಕ್ರವಾರ ನಮಾಜ್ ಆದಮ್ಯಾಲ ಯೂಸುಫನ ಕಿವಿಗೆ ಹಾಕ್ತೀನಿ. ಆದ್ರ ರಿವಾಜು ಗೊತ್ತೈತಿಲ್ಲೋ ಸಲೀಂ, ನಿನಗ? ಮಾತು ಕಳಿಸಿದ ಮ್ಯಾಲ ಉತ್ತರ ಬರೋತನಕ ಆ ಮನಿ ಹೊಸ್ತಿಲ ತುಳಿಯಂಗಿಲ್ಲ. ಹುಡುಗಿ ಕೂಡ ಮಾತಿಲ್ಲ, ಕತಿಯಿಲ್ಲ. ಹೋದಿ ಅಂದ್ರ, ಒತ್ತಾಯಕ್ಕ ಬಂದಾನ ಅಂತಾರ."

"ಆಗ್ಲಿ ಫುಪ್ಪು."

ಶುಕ್ರವಾರ ಮಾತು ಹೋಯಿತು. ಶನಿವಾರದಿಂದ ನಾನು ಪಾಠಕ್ಕೆ ಹೋಗಲಿಲ್ಲ.

ಸೋಮವಾರ ಫೋನಿಗೆ ಅವಳ ಮೆಸೇಜ್ ಬಂತು. ಯಾಕೆ ಬರಲಿಲ್ಲ?

ಓದಿ ನನ್ನಷ್ಟಕ್ಕೆ ನಕ್ಕೆ. ಮನೆಯಲ್ಲಿ ಮಾತು ಬಂದಿದೆ, ಎಲ್ಲ ಗೊತ್ತಿದ್ದೂ ಕಾಡಿಸುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಕೆಲಸ ಇದೆ ಟೀಚರ್ ಎಂದು ಉತ್ತರ ಕಳಿಸಿದೆ. ಎರಡು ದಿನ ಬಿಟ್ಟು ಇನ್ನೊಂದು ಬಂತು. ನನ್ನಿಂದ ಏನಾದರೂ ತಪ್ಪಾಯಿತಾ? ಅದನ್ನೂ ಆಟವೆಂದೇ ಓದಿದೆ. ಮೊದಲ ಉತ್ತರವೇ ರಿವಾಜು ಮೀರಿದ್ದು, ಇದಕ್ಕೆ ಕೊಡಲಿಲ್ಲ. ಫೋನನ್ನು ಅಂಗಿಯ ಎದೆಜೇಬಿಗೆ ಹಾಕಿಕೊಂಡು ಅವತ್ತು ಮೂರು ಮೋಟಾರ್ ಸುತ್ತಿದೆ. ಅಷ್ಟು ಹಗುರವಾಗಿ ನನ್ನ ಕೈ ಯಾವತ್ತೂ ಓಡಿರಲಿಲ್ಲ.

ಮೂರನೇ ಮೆಸೇಜ್ ಬರಲಿಲ್ಲ. ನಾಚಿಕೆ ಎಂದುಕೊಂಡೆ.

ಹನ್ನೆರಡನೆಯ ದಿನ ಫುಪ್ಪು ಅಂಗಡಿಗೇ ಬಂದಳು. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ನೋಡಿದ ಕೂಡಲೇ ಗೊತ್ತಾಯಿತು.

"ಯೂಸುಫ ಬ್ಯಾಡ ಅಂದಾನಪಾ. ಕಾರಣ ಕೇಳಿದೆ. ಹುಡುಗಿ ಮನಸಿಗಿಲ್ಲ ಅಂದ."

ಮನಸ್ಸಿಗಿಲ್ಲ ಎಂದ ಮೇಲೆ ಕೇಳುವುದು ಏನಿರುತ್ತದೆ? ಅವರ ಮನೆಯ ಓಣಿಯನ್ನೇ ಬಿಟ್ಟು ಸುತ್ತುಹಾದಿ ಹಿಡಿದು ಅಂಗಡಿಗೆ ಹೋಗತೊಡಗಿದೆ. ಸರ್ವಿಸ್ ಸೆಂಟರ್ ಬಂತು, ಬೋರ್ಡೂ ಏರಿತು. ರಿಪೋರ್ಟು ಇಂಗ್ಲಿಷಿನಲ್ಲಿ ಬರೆಯುವಾಗ ಅಕ್ಷರಕ್ಷರಕ್ಕೂ ಅವಳ ಕೆಂಪು ಪೆನ್ನು ಕಾಣುತ್ತಿತ್ತು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗುಲಫಶಾ ಅಂಗಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಹಸಿರು ಬಣ್ಣದ ಶಾದಿ ಕಾರ್ಡು.

"ಅಬ್ಬಾ ಕೊಡಾಕ ಬರ್ತಿದ್ರು. ನಾನ ಬಂದೆ. ನಿಮ್ಮ ಮುಖ ಒಮ್ಮಿ ನೋಡಬೇಕಿತ್ತು, ಹೇಳದೆ ಕೇಳದೆ ಹೋಗೋ ಮನುಷ್ಯಾರ ಮುಖ ಹೆಂಗ ಇರ್ತತಿ ಅಂತ."

ಕಾರ್ಡು ಇಸಿದುಕೊಂಡೆ. ಹುಡುಗನ ಹೆಸರು ದಾದಾಪೀರ್. ಹಡಗಲಿಯಲ್ಲಿ ಟೈರ್ ಅಂಗಡಿ. ನಿಕಾಹ್‌ಗೆ ಇನ್ನು ಎಂಟು ದಿನ.

"ನೀವ ಬ್ಯಾಡ ಅಂದು, ನನಗ್ಯಾಕ ಬೈತೀರಿ?" ಎಂದೆ.

"ನಾನು ಏನ್ ಬ್ಯಾಡ ಅಂದೆ?"

"ಫುಪ್ಪು ಮಾತು ತಂದಿದ್ಲಲ್ಲರಿ. ನನ್ನ ಸಲುವಾಗಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ನಿಧಾನಕ್ಕೆ, ಬೆಂಚಿನ ಮೇಲಿದ್ದ ತಂತಿಯ ಸುರುಳಿ ಸರಿಸಿ ಕೂತಳು.

"ಯಾವಾಗ?"

"ನಾ ಬರೋದು ಬಿಟ್ಟೆನಲ್ಲ, ಅದರ ಹಿಂದಿನ ದಿನ."

ಅವಳ ತುಟಿ ಬಿಳಿಚಿಕೊಂಡಿತು. ಒಂದೊಂದೇ ಮಾತು ಹೊರಗೆ ಬಂತು. ಅದರ ಮುಂದಿನ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ ಅಬ್ಬಾ ಸುಮ್ಮನೆ ಎಂಬಂತೆ ಕೇಳಿದ್ದರಂತೆ, ಸಲೀಂ ಎಂಥಾ ಹುಡುಗನವ್ವಾ ಎಂದು. ಮಾತು ಬಂದಿದೆ ಎಂದು ಹೇಳಿರಲಿಲ್ಲ. ಒತ್ತಾಯವಿಲ್ಲದೆ ಮಗಳ ಮನಸ್ಸು ತಿಳಿಯಲಿ ಎಂದು. ಅವಳಾದರೋ ನಾನು ಬಾರದೆ, ಎರಡನೇ ಮೆಸೇಜಿಗೆ ಉತ್ತರವನ್ನೂ ಕೊಡದೆ ಇದ್ದ ಸಿಟ್ಟಿನಲ್ಲಿದ್ದಳು.

"ಅವನ ಸುದ್ದಿ ತಗೀಬ್ಯಾಡ್ರಿ ಅಬ್ಬಾ ಅಂದೆ. ನಂಬೋ ಅಂಥ ಮನುಷ್ಯ ಅಲ್ಲ ಅಂದೆ. ನಾನ ಅಂದೆ. ನನ್ನ ಬಾಯಿಲೆ."

ಯಾರನ್ನು ಬೈಯುವುದು? ಯೂಸುಫ್ ಸಾಬರು ಒಳ್ಳೆಯ ತಂದೆ. ಫುಪ್ಪು ಒಂದು ಮಾತು ಹೆಚ್ಚು ಕಡಿಮೆ ಮಾಡಿದವಳಲ್ಲ. ನಾನು ಕಾದೆ. ಕಾದದ್ದೇ ಕುತ್ತಿಗೆ ಕೊಯ್ದಿತ್ತು.

"ಈಗರ ಹೋಗೋಣು ನಡೀರಿ," ಎಂದೆ. "ನಿಮ್ಮ ಅಬ್ಬಾರ ಮುಂದ ನಾನ ಹೇಳ್ತೀನಿ. ರಿವಾಜು ಹಂಗಿತ್ತು, ಅದಕ್ಕ ಬರಲಿಲ್ಲ ಅಂತ."

ಅವಳು ಕೂಡಲೇ ಏಳಲಿಲ್ಲ.

"ಅದು ನೀವು ಯಾವತ್ತಿಂದ ಬರಲಿಲ್ಲ ಅನ್ನೋದು ಆತು," ಎಂದಳು. "ಅದರ ಮೊದಲು ನಾಕು ತಿಂಗಳು ಎದುರಿಗೆ ಕುಂತಿದ್ರಿ. ನಡುವ ಒಂದು ಸ್ಟೂಲ್ ಇತ್ತು, ಅಷ್ಟ. ಯಾಕ ಕೇಳ್ಲಿಲ್ಲ ನನ್ನ?"

ನಾನು ಕಾರ್ಡಿಗೆ ಹತ್ತಿದ್ದ ಗ್ರೀಸನ್ನು ಅಂಗಿಯಿಂದ ಒರೆಸತೊಡಗಿದೆ.

"ದಾದಾಪೀರ್ ನೋಡಾಕ ಬಂದಾಗ ಹಿರೇರನ್ನೆಲ್ಲ ಹೊರಗ ಕುಂದ್ರಿಸಿ ನನ್ನ ಹತ್ರ ಬಂದ. 'ನಿಮಗ ಒಪ್ಪಿಗಿ ಇಲ್ಲಂದ್ರ ನನಗ ಹೇಳ್ರಿ, ತಪ್ಪು ನನ್ನ ಮ್ಯಾಲ ಹಾಕ್ಕೊಂಡು ಹೋಗ್ತೀನಿ' ಅಂದ. ನಡುಗತಿದ್ದ ಪಾಪ. ಆದ್ರೂ ಕೇಳಿದ. ನಾನು ಹೂಂ ಅಂದೀನಿ."

"ಮನಸಿನಾಗ ಇತ್ತೇನು ಆ ಹೂಂ?"

"ಅವತ್ತು ಇರಲಿಲ್ಲ. ಕೊಟ್ಟ ಮ್ಯಾಲ ನಂದು. ಅವನೇನ್ ತಪ್ಪು ಮಾಡ್ಯಾನ, ಎಂಟು ದಿನ ಇರುವಾಗ ಅವನ ಮುಖಕ್ಕ ಒಗ್ಯಾಕ?"

ಹೊರಗೆ ಲಾರಿಯೊಂದು ಮೆಕ್ಕೆಜೋಳದ ಹೊಟ್ಟು ಹಾರಿಸುತ್ತ ಹೋಯಿತು. ಆ ಸದ್ದು ಮುಗಿಯುವ ತನಕ ಕಾದು, ಹೇಳಬೇಕಾದಾಗ ಹೇಳದ ಮಾತನ್ನು ಆಗ ಹೇಳಿದೆ.

"ನೀವಂದ್ರ ನನಗ ಜೀವ, ಗುಲಫಶಾ."

ಟೀಚರ್ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು, ಹಸಿದವರು ಮೊದಲ ತುತ್ತು ಬಾಯಿಗಿಡುವಾಗ ಮುಚ್ಚುವ ಹಾಗೆ. ಕಣ್ಣು ತೆರೆದಾಗ ಎದ್ದು ನಿಂತಿದ್ದಳು. ನನ್ನ ಕೈಯಿಂದ ಕಾರ್ಡನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನಿಕಾಹ್‌ಗೆ ಬರಬ್ಯಾಡ್ರಿ. ನೀವು ಅಲ್ಲಿ ಅದೀರಿ ಅಂತ ಗೊತ್ತಾದ್ರ, ಕಬೂಲ್ ಅನ್ನಾಕ ನನ್ನ ನಾಲಿಗಿ ಹೊರಳಂಗಿಲ್ಲ."

ಹೋದಳು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಕೂಗಿ ಕರೆಯುತ್ತಿದ್ದೆ ಎಂದು ಅವಳಿಗೂ ಗೊತ್ತಿತ್ತು.

ನಿಕಾಹ್ ದಿನ ತೆಲಿಗಿಯಲ್ಲಿ ಕೆಲಸ ಒಪ್ಪಿಕೊಂಡೆ. ಗಾದಿಲಿಂಗಪ್ಪ ಎಂಬವರ ಹೊಲದಲ್ಲಿ ಬೋರಿಗೆ ಮೋಟಾರ್ ಇಳಿಸುವುದು, ಇಪ್ಪತ್ತೆರಡು ಪೈಪು. ಒಂದೊಂದು ಪೈಪು ಇಳಿದಾಗಲೂ ಸೂರ್ಯ ಎಲ್ಲಿದ್ದಾನೆಂದು ನೋಡಬಾರದು ಎಂದುಕೊಂಡು ನೋಡುತ್ತಿದ್ದೆ. ನಿಕಾಹ್ ಎರಡು ಗಂಟೆಗೆ. ನಾವು ಸ್ವಿಚ್ ಹಾಕಿದಾಗ ಮೂರಾಗಿತ್ತು.

ಮೊದಲು ಗಾಳಿ ಬಂತು, ಆಮೇಲೆ ಕೆಸರು, ಆಮೇಲೆ ತಿಳಿನೀರು. ಗಾದಿಲಿಂಗಪ್ಪನ ಹೆಂಡತಿ ನೀರಿಗೆ ಕೈಮುಗಿದು, ಒಂದು ಬಟ್ಟಲು ಸಕ್ಕರೆ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದಳು.

"ಒಳ್ಳೇ ಗಳಿಗ್ಯಾಗ ನೀರು ಕೊಟ್ರಿ ಮೇಸ್ತ್ರಿ. ಬಾಯಿ ಸಿಹಿ ಮಾಡ್ಕೊಳ್ರಿ."

ಕೈಯೆಲ್ಲ ಗ್ರೀಸು ಎಂದೆ. ಹಂಗಾದ್ರ ಬಾಯಿ ತಗೀರಿ ಎಂದಳು, ಮಗನಿಗೆ ಹೇಳುವ ಹಾಗೆ.

ತೆಗೆದೆ. ಹಾಕಿದಳು. ಅವಳು ನೋಡುತ್ತ ನಿಂತಿದ್ದರಿಂದ ನುಂಗಿದೆ.